ಎರಡೆಳೆ ಬಚ್ಚಿಟ್ಟ ವೈರಸ್ಸು

ಮಳೆಗಾಲ ಇಳಿಯುತ್ತ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕುರಿಯ ಮಾತು ಜಾಸ್ತಿಯಾಗುತ್ತದೆ. ಮಳವಳ್ಳಿ, ಮದ್ದೂರು, ಬನ್ನೂರು ಕಡೆಯವರ ಪತ್ರಗಳ ಧಾಟಿ ಹೆಚ್ಚುಕಡಿಮೆ ಒಂದೇ. ನೀಲಿ ನಾಲಿಗೆ ರೋಗ ಬಂದಮೇಲೆ ಅದಕ್ಕೆ ಔಷಧವಿಲ್ಲ ಎನ್ನುತ್ತೀರಿ, ಒಪ್ಪಿದೆವು. ಆದರೆ ಕುರಿಯ ಮೈಗೂ ತನ್ನದೇ ಒಂದು ಕಸುವು ಇರಬೇಕಲ್ಲ, ಅದು ಏನು ಮಾಡುತ್ತಿರುತ್ತದೆ? ಈ ಸಲ ಪದವಿ ಓದುತ್ತಿರುವ ಹುಡುಗಿಯೊಬ್ಬಳು ಪ್ರಶ್ನೆಯನ್ನು ಇನ್ನಷ್ಟು ಬಿಗಿ ಮಾಡಿದ್ದಾಳೆ. ಜೀವಕೋಶಗಳು ವೈರಸ್ಸಿನ ಆರ್‌ಎನ್‌ಎಯನ್ನೇ ಹಿಡಿದು ಕತ್ತರಿಸಿ ಹಾಕುತ್ತವೆ ಎಂದು ಪಾಠದಲ್ಲಿದೆ, ಹಾಗಿದ್ದಮೇಲೆ ನಮ್ಮನೆ ಕುರಿ ಯಾಕೆ ಸತ್ತಿತು ಎಂದು ಕೇಳಿದ್ದಾಳೆ. ಇಷ್ಟು ನೇರವಾದ ಪ್ರಶ್ನೆಗೆ ಎರಡು ಸಾಲಿನ ಉತ್ತರ ಕೊಟ್ಟು ಕಳಿಸಲು ಮನಸ್ಸು ಬರಲಿಲ್ಲ.

ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಆ ಊರಿನ ಹೆಸರು ಹೊತ್ತ ಕುರಿಯನ್ನು ಸರ್ಕಾರಿ ದಾಖಲೆಗಳು ಮಂಡ್ಯ ತಳಿ ಎನ್ನುತ್ತವೆ. ಗಿಡ್ಡ ಕಾಲು, ಅಗಲ ಬೆನ್ನು, ತುಂಬಿಕೊಂಡ ಹಿಂಬದಿ. ಹಿಂದೆ ನಿಂತು ನೋಡಿದರೆ ಎರಡು ತೊಡೆಗಳ ನಡುವೆ ತಲೆಕೆಳಗಾದ ಯು ಆಕಾರ ಕಾಣಬೇಕು, ಆಗಲೇ ಅಸಲಿ ಎಂದು ಒಪ್ಪುವುದು. ಮೈ ಬಿಳಿ, ಕೆಲವಕ್ಕೆ ಮುಖದ ಮೇಲೆ ತಿಳಿಗಂದು. ಮಾಂಸದ ನಡುನಡುವೆ ಕೊಬ್ಬು ಹರಡಿರುವುದರಿಂದ ಅದರ ರುಚಿಗೆ ದೂರದೂರದಲ್ಲೂ ಹೆಸರಿದೆ. ಇಲ್ಲಿನ ಹೆಚ್ಚಿನವರು ದೊಡ್ಡ ಹಿಂಡು ಕಟ್ಟಿಕೊಂಡು ಅಲೆಯುವವರಲ್ಲ. ಮನೆಗೆ ನಾಲ್ಕೋ ಎಂಟೋ ಕುರಿ, ಒಂದು ಟಗರು, ಕೊಟ್ಟಿಗೆಯಲ್ಲೇ ಮೇವು. ಹಾಗಾಗಿ ಒಂದು ಕುರಿ ಹೋದರೂ ಅದು ಮನೆಯ ಲೆಕ್ಕದಲ್ಲಿ ದೊಡ್ಡ ನಷ್ಟ. ತಳಿಯ ಲೆಕ್ಕದಲ್ಲೂ ಅಷ್ಟೇ. ಶುದ್ಧ ಬಂಡೂರು ಈಗ ಕಡಿಮೆಯಾಗಿದೆ. ಅದನ್ನು ಉಳಿಸಲೆಂದು ಇದೇ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ.

ಈ ಸೀಮೆಯಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದ್ದರಿಂದ ನೀಲಿ ನಾಲಿಗೆಯನ್ನು ಹತ್ತಿರದಿಂದ ಕಂಡಿದ್ದೇನೆ. ‘ಡಾಕ್ಟ್ರೇ, ಮೂತಿ ಊದ್ಕಂಡದೆ, ಹುಲ್ಲು ಮೂಸ್ತದೆ, ತಿನ್ನಕಿಲ್ಲ’ ಎಂದು ಕರೆ ಬರುತ್ತದೆ. ಹೋಗಿ ನೋಡಿದರೆ ಕುರಿಯ ಮೈ ಸುಡುತ್ತಿರುತ್ತದೆ. ತುಟಿ, ಕೆನ್ನೆ, ಕಿವಿಬುಡ ಊದಿಕೊಂಡು ಮುಖದ ಚಹರೆಯೇ ಬದಲಾಗಿರುತ್ತದೆ. ಬಾಯಿ ಅಗಲಿಸಿದರೆ ಒಸಡಿನ ಮೇಲೆ ಕೆಂಪು ಹುಣ್ಣು, ಜೊಲ್ಲು ದಾರದಂತೆ ಇಳಿಯುತ್ತಿರುತ್ತದೆ. ಮೂಗಿನ ಹೊಳ್ಳೆಯಲ್ಲಿ ಸಿಂಬಳ ಒಣಗಿ ಹಕ್ಕಳೆ ಕಟ್ಟಿ, ಉಸಿರಾಡಲು ಕಷ್ಟಪಡುತ್ತದೆ. ಗೊರಸು ಚರ್ಮಕ್ಕೆ ಕೂಡುವ ಕಡೆ ಕೆಂಪು ಪಟ್ಟಿ ಮೂಡಿ, ನಡೆದರೆ ಕುಂಟುತ್ತದೆ. ನಾಲಿಗೆ ನೀಲಿಗಟ್ಟುವುದು ಕೆಲವು ಕುರಿಗಳಲ್ಲಿ ಮಾತ್ರ. ಅದಕ್ಕಾಗಿ ಕಾದು ಕುಳಿತವರು ರೋಗ ಗುರುತಿಸುವುದರಲ್ಲಿ ತಡಮಾಡುತ್ತಾರೆ.

ಇದು ಕುರಿಯಿಂದ ಕುರಿಗೆ ಮೈ ತಾಗಿ ಹರಡುವುದು ಅಪರೂಪ. ಮಧ್ಯೆ ಒಂದು ನುಸಿ ಬೇಕು. ಕ್ಯುಲಿಕಾಯ್ಡಿಸ್ ಎಂಬ ಜಾತಿಯ, ಸೊಳ್ಳೆಗಿಂತ ಬಹಳ ಸಣ್ಣ ನುಸಿ; ಉದ್ದ ಒಂದರಿಂದ ಮೂರು ಮಿಲಿಮೀಟರ್. ಮುಸ್ಸಂಜೆ ಮತ್ತು ನಸುಕಿನಲ್ಲಿ ಕಚ್ಚುತ್ತದೆ. ಸಗಣಿ, ಗಂಜಲ ಬೆರೆತ ಹಸಿ ಮಣ್ಣಿನಲ್ಲಿ ಮರಿಯಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ, ಗದ್ದೆಯ ಬದುವಿಗೇ ಕೊಟ್ಟಿಗೆ ತಾಗಿರುವ ನಾಡಿನಲ್ಲಿ ಅದಕ್ಕೆ ಜಾಗದ ಕೊರತೆಯಿಲ್ಲ. ಮಳೆ ಬಿದ್ದ ಮೇಲೆ ನುಸಿ ಏಳುತ್ತದೆ, ಹಿಂದೆಯೇ ರೋಗ ಏಳುತ್ತದೆ. ಭಾರತದಲ್ಲಿ ಈ ರೋಗದ ಮೊದಲ ವರದಿ 1964ರದು, ಮಹಾರಾಷ್ಟ್ರದಿಂದ. ಆಮೇಲೆ ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನ ನಾಟಿ ಕುರಿಗಳಿಗೇ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಅವಳು ಓದಿದ್ದು ಸರಿ. ಆರ್‌ಎನ್‌ಎ ಸೈಲೆನ್ಸಿಂಗ್ ಎನ್ನುವ ಆ ರಕ್ಷಣೆಯನ್ನು ಇಲ್ಲಿ ಆರ್‌ಎನ್‌ಎ ತಡೆ ಎಂದು ಕರೆಯುತ್ತೇನೆ. ನಮ್ಮ ಜೀವಕೋಶದೊಳಗೆ ಓಡಾಡುವ ಸಂದೇಶವಾಹಕ ಆರ್‌ಎನ್‌ಎ ಒಂಟಿ ಎಳೆಯದು. ಉದ್ದನೆಯ ಎರಡೆಳೆ ಆರ್‌ಎನ್‌ಎ ಜೀವಕೋಶದ ದ್ರವದಲ್ಲಿ ಮಾಮೂಲಾಗಿ ಸಿಗುವ ವಸ್ತುವಲ್ಲ. ವೈರಸ್ಸು ತನ್ನ ನಕಲು ತೆಗೆಯುವಾಗ ಅದು ಹುಟ್ಟುತ್ತದೆ. ಆದ್ದರಿಂದ ಎರಡೆಳೆ ಕಂಡರೆ ಹೊರಗಿನವರು ಒಳಬಂದಿದ್ದಾರೆ ಎಂದೇ ಅರ್ಥ. ಡೈಸರ್ ಎಂಬ ಕಿಣ್ವ ಅದನ್ನು ಹಿಡಿದು 21ರಿಂದ 23 ಅಕ್ಷರಗಳ ತುಣುಕು ಮಾಡುತ್ತದೆ. ಆ ತುಣುಕಿನ ಒಂದು ಎಳೆಯನ್ನು ಆರ್ಗೊನಾಟ್ ಎಂಬ ಪ್ರೋಟೀನು ಹಿಡಿದುಕೊಂಡು, ಅದೇ ಅಕ್ಷರಗಳಿಗೆ ಹೊಂದುವ ಆರ್‌ಎನ್‌ಎ ಎಲ್ಲೆಲ್ಲಿದೆಯೋ ಹುಡುಕಿ ತುಂಡರಿಸುತ್ತದೆ. ಎರಡೆಳೆ ಆರ್‌ಎನ್‌ಎಗೆ ಈ ಶಕ್ತಿ ಇದೆ ಎಂದು ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಒಂದು ಸಣ್ಣ ಹುಳದಲ್ಲಿ ತೋರಿಸಿದರು. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಗಿಡಗಳಲ್ಲಿ, ಕೀಟಗಳಲ್ಲಿ ವೈರಸ್ಸಿನ ವಿರುದ್ಧ ಇದೇ ಮುಖ್ಯ ಕಾವಲು.

ಇಲ್ಲಿಯೇ ನೀಲಿ ನಾಲಿಗೆಯ ವೈರಸ್ಸು ನಮ್ಮನ್ನು ಬೆರಗುಗೊಳಿಸುವುದು. ಬೇರೆ ಬಹಳಷ್ಟು ಆರ್‌ಎನ್‌ಎ ವೈರಸ್ಸುಗಳು ನಕಲು ತೆಗೆಯುವಾಗ ಮಾತ್ರ ಎರಡೆಳೆ ಆಗುತ್ತವೆ. ಇದರದೋ ಆಸ್ತಿಯೆಲ್ಲ ಎರಡೆಳೆಯೇ. ಹತ್ತು ತುಂಡು ಎರಡೆಳೆ ಆರ್‌ಎನ್‌ಎ, ಒಟ್ಟು ಸುಮಾರು 19,200 ಅಕ್ಷರ ಜೋಡಿ. ಜೀವಕೋಶ ಯಾವ ಗುರುತಿಗಾಗಿ ಹಗಲಿರುಳು ಕಾದಿದೆಯೋ ಅದನ್ನೇ ಮೈತುಂಬ ಹೊತ್ತುಕೊಂಡು ಒಳಗೆ ಬರುತ್ತದೆ. ಬಂದ ತಕ್ಷಣ ಸಿಕ್ಕಿಬಿದ್ದು ನಾಶವಾಗಬೇಕಿತ್ತು. ಆಗುವುದಿಲ್ಲ. ಏಕೆಂದರೆ ಅದು ಆ ಎರಡೆಳೆಯನ್ನು ಹೊರಗೆ ತೆಗೆಯುವುದೇ ಇಲ್ಲ.

ವೈರಸ್ಸಿಗೆ ಎರಡು ಹೊದಿಕೆ. ಹೊರಗಿನದು ಜೀವಕೋಶಕ್ಕೆ ಅಂಟಿಕೊಂಡು ಒಳನುಗ್ಗಲು ಬೇಕಾದದ್ದು. ಒಳಗೆ ಬಂದಮೇಲೆ ಕಳಚಿಬೀಳುತ್ತದೆ. ಉಳಿಯುವ ಒಳತಿರುಳು ಮಾತ್ರ ಕೊನೆಯತನಕ ಬಿಚ್ಚಿಕೊಳ್ಳುವುದಿಲ್ಲ. ಬಾಗಿಲು ಹಾಕಿಕೊಂಡೇ ನಡೆಯುವ ಹಿಟ್ಟಿನ ಗಿರಣಿಯನ್ನು ನೆನೆಯಿರಿ: ಕಾಳು ಒಳಗೇ ಇದೆ, ಕಲ್ಲೂ ಒಳಗೇ ಇದೆ, ಹೊರಗಿನವರಿಗೆ ಕಾಣುವುದು ಕೊಳವೆಯಿಂದ ಸುರಿಯುವ ಹಿಟ್ಟು ಮಾತ್ರ. ನಕಲು ತೆಗೆಯುವ ಕಿಣ್ವ, ಎಳೆ ಬಿಡಿಸುವ ಕಿಣ್ವ, ಆರ್‌ಎನ್‌ಎಯ ತುದಿಗೆ ಟೋಪಿ ಹಾಕಿ ಅದು ಜೀವಕೋಶದ್ದೇ ಎಂಬಂತೆ ಮಾಡುವ ಕಿಣ್ವ, ಎಲ್ಲವೂ ತಿರುಳಿನೊಳಗೇ ಇವೆ. ಒಳಗೆ ಎರಡೆಳೆಯನ್ನು ಓದಿ ಒಂಟಿ ಎಳೆಯ ನಕಲು ಮಾಡಿ, ತಿರುಳಿನ ಮೂಲೆಗಳಲ್ಲಿರುವ ರಂಧ್ರಗಳಿಂದ ಹೊರಗೆ ಬಿಡುತ್ತದೆ. ಒಂಟಿ ಎಳೆ ಕಂಡರೆ ಡೈಸರ್‌ಗೆ ಏನೂ ಅನ್ನಿಸುವುದಿಲ್ಲ. ಆ ಒಂಟಿ ಎಳೆಗಳಿಂದಲೇ ವೈರಸ್ಸಿನ ಪ್ರೋಟೀನುಗಳು ತಯಾರಾಗುತ್ತವೆ. ಹೊಸ ತಿರುಳು ಕಟ್ಟುವಾಗ ಹತ್ತು ಒಂಟಿ ಎಳೆಗಳು ಅದರೊಳಕ್ಕೆ ಸೇರುತ್ತವೆ, ಎರಡನೇ ಎಳೆ ಹುಟ್ಟುವುದು ಆ ಮರೆಯಲ್ಲಿ.

ಆಕ್ಸ್‌ಫರ್ಡಿನ ಡೇವಿಡ್ ಸ್ಟುವರ್ಟ್ ಅವರ ತಂಡ 1998ರಲ್ಲಿ ಈ ತಿರುಳಿನ ರಚನೆಯನ್ನು ಅಣುಅಣುವಾಗಿ ಬಿಡಿಸಿಟ್ಟಿತು. ಒಳಪದರಕ್ಕೆ 120 ಪ್ರೋಟೀನು, ಅದರ ಮೇಲೆ ಇನ್ನೊಂದು ಬಗೆಯ 780 ಪ್ರೋಟೀನು, ಸಂದಿಲ್ಲದಂತೆ ಜೋಡಿಸಿದ ಚಿಪ್ಪು. ಅಷ್ಟು ದೊಡ್ಡ ರಚನೆಯನ್ನು ಅಷ್ಟು ವಿವರವಾಗಿ ಅದುವರೆಗೆ ಯಾರೂ ಕಂಡಿರಲಿಲ್ಲ. ನಾಲ್ಕು ವರ್ಷದ ಮೇಲೆ ಅದೇ ಗುಂಪಿನವರು ಇನ್ನೊಂದು ಸಂಗತಿ ಹೇಳಿದರು. ನನಗೆ ಮೊದಲನೆಯದಕ್ಕಿಂತ ಇದೇ ಹೆಚ್ಚು ಇಷ್ಟ. ತಿರುಳಿನ ಹೊರಮೈ ಎರಡೆಳೆ ಆರ್‌ಎನ್‌ಎಯನ್ನು ಎಳೆದು ಅಂಟಿಸಿಕೊಳ್ಳುತ್ತದೆ. ಯಾವುದಾದರೂ ಒಂದು ತಿರುಳು ಒಡೆದು ಎರಡೆಳೆ ಹೊರಚೆಲ್ಲಿದರೆ, ಸುತ್ತಲಿನ ಗಟ್ಟಿ ತಿರುಳುಗಳು ಅದನ್ನು ತಮ್ಮ ಮೈಗೆ ಸುತ್ತಿಕೊಂಡು ಜೀವಕೋಶದ ಕಣ್ಣಿಗೆ ಬೀಳದಂತೆ ಮಾಡುತ್ತಿರಬಹುದು ಎಂದು ಅವರು ಊಹಿಸಿದರು. ಒಂದು ಸಾವಿರ ಅಕ್ಷರದ ಎಳೆಯೂ ಹೊರಗೆ ತಪ್ಪಿಸಿಕೊಳ್ಳಬಾರದು ಎನ್ನುವ ಎಚ್ಚರ ವೈರಸ್ಸಿನ ಚಿಪ್ಪಿನಲ್ಲೇ ಬರೆದಿದೆ.

ಆದರೂ ಅಡಗಿಸುವ ಕೆಲಸ ಪೂರ್ತಿ ಗೆಲ್ಲುವುದಿಲ್ಲ. ಅದು ಗೊತ್ತಾದದ್ದು ನುಸಿಯಿಂದ. ಬ್ರಿಟನ್ನಿನ ಸಂಶೋಧಕರು ಅಮೆರಿಕದ ಒಂದು ಕ್ಯುಲಿಕಾಯ್ಡಿಸ್ ನುಸಿಯ ಜೀವಕೋಶಗಳಿಗೆ ನೀಲಿ ನಾಲಿಗೆಯ ಸೋಂಕು ತಗುಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ವೈರಸ್ಸಿನ ಆರ್‌ಎನ್‌ಎಯಿಂದ ಕತ್ತರಿಸಿದ 21 ಅಕ್ಷರದ ತುಣುಕುಗಳು ಧಾರಾಳವಾಗಿ ಸಿಕ್ಕವು. ಎಂದರೆ ನುಸಿಯ ಡೈಸರ್ ಎಲ್ಲಿಂದಲೋ ಎರಡೆಳೆಯನ್ನು ಹಿಡಿದು ಕತ್ತರಿಸುತ್ತಿದೆ. ವೈರಸ್ಸು ಹೊಕ್ಕ ನುಸಿ ಸಾಯುವುದಿಲ್ಲ, ಗುಣವಾಗುವುದೂ ಇಲ್ಲ. ಬದುಕಿರುವವರೆಗೆ ಹೊತ್ತುಕೊಂಡು ಹಾರುತ್ತದೆ. ನುಸಿಯ ಆರ್‌ಎನ್‌ಎ ತಡೆ ವೈರಸ್ಸನ್ನು ಮಿತಿಯಲ್ಲಿ ಇಟ್ಟಿರುವುದೂ ಈ ಸಹಬಾಳ್ವೆಗೆ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ. ಅದೇ ವೈರಸ್ಸು ನುಸಿಯ ಬಾಯಿಂದ ಕುರಿಯ ಚರ್ಮಕ್ಕೆ ಇಳಿದರೆ ಆಟವೇ ಬೇರೆ.

ಕುರಿ ನಮ್ಮ ಹಾಗೆ ಸಸ್ತನಿ. ಸಸ್ತನಿಗಳ ಜೀವಕೋಶಕ್ಕೆ ಎರಡೆಳೆ ಕಂಡಾಗ ಮೊದಲು ಏಳುವುದು ಇಂಟರ್‌ಫೆರಾನ್ ವ್ಯವಸ್ಥೆ. ಅದು ಕತ್ತರಿ ಹಿಡಿದು ಒಂದು ವೈರಸ್ಸನ್ನೇ ಹುಡುಕುವುದಿಲ್ಲ. ತನ್ನ ಜೀವಕೋಶವನ್ನೂ ನೆರೆಯವನ್ನೂ ಎಚ್ಚರಿಸಿ, ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ನೀಲಿ ನಾಲಿಗೆಯ ವೈರಸ್ಸು ಇದಕ್ಕೂ ಸಿದ್ಧವಾಗಿಯೇ ಬಂದಿದೆ. ಅದರ ಎನ್‌ಎಸ್3 ಎಂಬ ಪ್ರೋಟೀನು ಇಂಟರ್‌ಫೆರಾನ್ ಹುಟ್ಟುವ ದಾರಿಗೆ ಅಡ್ಡ ನಿಲ್ಲುತ್ತದೆ. 2011ರಲ್ಲಿ ಗುರುತಿಸಿದ ಎನ್‌ಎಸ್4 ಎಂಬ ಇನ್ನೊಂದು ಪುಟ್ಟ ಪ್ರೋಟೀನು ಜೀವಕೋಶದ ನ್ಯೂಕ್ಲಿಯಸ್ಸಿಗೇ ಹೋಗಿ ಇಂಟರ್‌ಫೆರಾನ್ ವಿರುದ್ಧ ವೈರಸ್ಸಿಗೆ ನೆರವಾಗುತ್ತದೆ. ಈ ಜಗಳ ನಡೆಯುವ ಮುಖ್ಯ ಜಾಗ ಸಣ್ಣ ರಕ್ತನಾಳಗಳ ಒಳಗೋಡೆ. ಗೋಡೆ ಸೋರಿದರೆ ಮುಖ ಊದುತ್ತದೆ, ಬಾಯಿ ಹುಣ್ಣಾಗುತ್ತದೆ, ಗೊರಸಿನ ಬುಡ ಕೆಂಪಾಗುತ್ತದೆ. ನಾನು ಕೊಟ್ಟಿಗೆಯಲ್ಲಿ ಕಂಡದ್ದು ಇದರ ಹೊರಗುರುತು.

ಹಾಗಾದರೆ ಸಸ್ತನಿಗಳಲ್ಲಿ ಆರ್‌ಎನ್‌ಎ ತಡೆಗೆ ವೈರಸ್ಸನ್ನು ಎದುರಿಸುವ ಕೆಲಸವೇ ಇಲ್ಲವೇ? ವಿಜ್ಞಾನಿಗಳು ಈ ಬಗ್ಗೆ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ವಾದಿಸುತ್ತಿದ್ದಾರೆ. ಕಥೆ ಶುರುವಾಗುವುದು ನ್ಯೂಜಿಲೆಂಡಿನ ಒಂದು ಹುಲ್ಲುಗಾವಲಿನ ಹುಳದಿಂದ. ಮೊದಲ ಮಹಾಯುದ್ಧದಲ್ಲಿ ಮಡಿದ ಬ್ರಿಟಿಷ್ ನಾವಿಕರ ಮಕ್ಕಳಿಗೆ ಬೇಸಾಯ ಕಲಿಸಲೆಂದು ಅಲ್ಲಿನ ಕುರಿ ಸಾಕುವವರು ಹಣ ಕೂಡಿಸಿ ಫ್ಲಾಕ್ ಹೌಸ್ ಎಂಬ ತೋಟವನ್ನು ಕೊಂಡಿದ್ದರು. ಆ ಜಾಗದ ಹೆಸರನ್ನೇ ಹುಲ್ಲಿನ ಬೇರು ತಿನ್ನುವ ಹುಳದಲ್ಲಿ ಸಿಕ್ಕ ಒಂದು ವೈರಸ್ಸಿಗೆ ಇಟ್ಟರು. 2002ರಲ್ಲಿ ಕ್ಯಾಲಿಫೋರ್ನಿಯಾದ ಶೌ-ವೈ ಡಿಂಗ್ ಮತ್ತು ಜೊತೆಗಾರರು ಈ ಫ್ಲಾಕ್ ಹೌಸ್ ವೈರಸ್ಸನ್ನು ಹಣ್ಣುನೊಣದ ಜೀವಕೋಶಗಳಲ್ಲಿ ಪರೀಕ್ಷಿಸಿದರು. ವೈರಸ್ಸಿನಲ್ಲಿ ಬಿ2 ಎಂಬ ಒಂದು ಪ್ರೋಟೀನಿದೆ. ಅದನ್ನು ಕಿತ್ತುಹಾಕಿದರೆ ವೈರಸ್ಸು ಬೆಳೆಯದು. ಆದರೆ ಜೀವಕೋಶದ ಆರ್ಗೊನಾಟನ್ನೂ ಇಲ್ಲವಾಗಿಸಿದರೆ, ಬಿ2 ಇಲ್ಲದ ವೈರಸ್ಸು ಮತ್ತೆ ಬೆಳೆಯುತ್ತದೆ! ಬಿ2 ಇರುವುದೇ ಆರ್‌ಎನ್‌ಎ ತಡೆಯನ್ನು ಮಣಿಸಲು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ಬೇಕಿಲ್ಲ. ಬಿ2 ಎರಡು ಸೇರಿ ಜೋಡಿಯಾಗಿ ಎರಡೆಳೆ ಆರ್‌ಎನ್‌ಎಯ ಮೇಲೆ ಉದ್ದಕ್ಕೂ ಒರಗಿ ಕೂರುತ್ತವೆ. ಡೈಸರ್‌ಗೆ ಬಾಯಿ ಹಾಕಲು ಜಾಗ ಸಿಗುವುದಿಲ್ಲ. ನೀಲಿ ನಾಲಿಗೆ ಗೋಡೆ ಕಟ್ಟಿ ಬಚ್ಚಿಟ್ಟದ್ದನ್ನು ಇದು ಮೇಲೆ ಕೂತು ಮುಚ್ಚುತ್ತದೆ. ಗಿಡದ ವೈರಸ್ಸುಗಳಲ್ಲಿ ಇಂಥ ತಂತ್ರ ಮೊದಲೇ ಗೊತ್ತಿತ್ತು, ಪ್ರಾಣಿಗಳ ವೈರಸ್ಸಿನಲ್ಲಿ ಕಂಡದ್ದು ಇದೇ ಮೊದಲು.

ಫ್ಲಾಕ್ ಹೌಸ್ ವೈರಸ್ಸಿಗೆ ನೊಡಮುರಾ ಎಂಬ ದಾಯಾದಿ ಇದೆ. ಜಪಾನಿನ ಸೊಳ್ಳೆಗಳಲ್ಲಿ ಸಿಕ್ಕ ಇದು ಇಲಿಮರಿಗಳನ್ನೂ ಕೊಲ್ಲಬಲ್ಲದು. ಅದರ ಬಿ2 ತೆಗೆದು ಹಾಲು ಕುಡಿಯುವ ಇಲಿಮರಿಗಳಿಗೆ ಕೊಟ್ಟಾಗ ಮರಿಗಳು ಉಳಿದುಕೊಂಡವು, ಅವುಗಳ ಮೈಯಲ್ಲಿ ವೈರಸ್ಸಿನಿಂದ ಕತ್ತರಿಸಿದ ಸಣ್ಣ ತುಣುಕುಗಳು ರಾಶಿಯಾಗಿ ಕಂಡವು. ಇದು 2013ರ ಮಾತು. ಇಂಟರ್‌ಫೆರಾನ್ ಬಲವಾಗಿರುವ ಬೆಳೆದ ಜೀವಕೋಶಗಳಲ್ಲಿ ಇದಕ್ಕೆಷ್ಟು ಬೆಲೆ ಎಂದು ಕೆಲವರು ಒಪ್ಪಲಿಲ್ಲ. 2021ರಲ್ಲಿ ಲಂಡನ್ನಿನ ಕ್ರಿಕ್ ಸಂಸ್ಥೆಯವರು ಡೈಸರ್‌ನದೇ ಇನ್ನೊಂದು ರೂಪವನ್ನು ಕಾಂಡಕೋಶಗಳಲ್ಲಿ ಗುರುತಿಸಿದರು. ಇಂಟರ್‌ಫೆರಾನಿಗೆ ಅಷ್ಟಾಗಿ ಓಗೊಡದ ಆ ಕೋಶಗಳನ್ನು ಅದು ವೈರಸ್ಸಿನಿಂದ ಕಾಯುತ್ತದೆ. ನನ್ನ ಮನಸ್ಸು ಒಲಿಯುವುದು ಈ ಕಡೆಗೆ: ಹಳೆಯ ಕಾವಲು ಸಸ್ತನಿಗಳಲ್ಲಿ ಅಳಿದಿಲ್ಲ, ಹೊಸದು ಇಲ್ಲದ ಮೂಲೆಗಳಲ್ಲಿ ಉಳಿದುಕೊಂಡಿದೆ. ಕುರಿಯಲ್ಲಿ, ಅದರಲ್ಲೂ ಬಂಡೂರಿನಂಥ ನಾಟಿ ತಳಿಯಲ್ಲಿ ಇದನ್ನು ನೋಡಬೇಕಾದವರು ನಾವೇ. ಹೆಬ್ಬಾಳ, ಯಲಹಂಕದಲ್ಲಿ ಪಶುರೋಗಗಳ ಸಂಶೋಧನೆಯ ದೊಡ್ಡ ಸಂಸ್ಥೆಗಳಿವೆ, ಧನಗೂರಿನಲ್ಲಿ ಕುರಿಗಳಿವೆ. ಎರಡರ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿ.

ಮಳವಳ್ಳಿ, ಮದ್ದೂರಿನಲ್ಲಿ ಕುರಿ ಕಟ್ಟುವ ಎಷ್ಟೋ ಮನೆಗಳಲ್ಲಿ ರೇಷ್ಮೆ ಹುಳುವೂ ಇರುತ್ತದೆ. ಅಲ್ಲೊಂದು ವೈರಸ್ಸು ಇನ್ನೂ ಒಳಗಿನ ದಾರಿ ಹಿಡಿದಿದೆ. ಹಾಲುತೊಂಡೆ ರೋಗ ಕಂಡವರಿಗೆ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರ, ಎಂದರೆ ಪೊರೆ ಕಳಚುವ ಹೊತ್ತು, ಮುಗಿಸಿ ಎದ್ದು ಸೊಪ್ಪು ಮುಕ್ಕಬೇಕಾದ ಹುಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನ ಗುಂಟ ಹರಿದಾಡುತ್ತದೆ. ಮೈಯ ಗೆಣ್ಣುಗಳ ನಡುವೆ ಉಬ್ಬಿ ಹಳದಿ ಬೆಳ್ಳಗೆ ಹೊಳೆಯುತ್ತದೆ. ಚರ್ಮ ಎಷ್ಟು ತೆಳ್ಳಗಾಗಿರುತ್ತದೆಂದರೆ ಬೆರಳು ತಾಗಿದರೆ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ಆ ಒಂದು ಹನಿ ಸೊಪ್ಪಿಗೆ ಬಿದ್ದರೆ ಪಕ್ಕದ ಹುಳುಗಳಿಗೂ ಅದೇ ಗತಿ. ಇದರ ವೈರಸ್ಸು ಡಿಎನ್‌ಎಯದು. ಹೈದರಾಬಾದಿನ ಸಿಡಿಎಫ್‌ಡಿ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಜೆ. ನಾಗರಾಜು ಅವರ ತಂಡ 2012ರಲ್ಲಿ ಅದರ ಉಪಾಯವನ್ನು ಬಯಲಿಗೆಳೆಯಿತು. ಹುಳುವಿನ ಸಣ್ಣ ಆರ್‌ಎನ್‌ಎಗಳು ನ್ಯೂಕ್ಲಿಯಸ್ಸಿನಲ್ಲಿ ಅರ್ಧ ತಯಾರಾಗಿ ಹೊರಗೆ ಸಾಗಬೇಕು. ಸಾಗಿಸುವ ಪ್ರೋಟೀನಿಗೆ ರಾನ್ ಎಂಬ ಜೊತೆಗಾರ ಬೇಕು. ವೈರಸ್ಸು ತಾನೇ ಒಂದು ಸಣ್ಣ ಆರ್‌ಎನ್‌ಎ ತಯಾರಿಸಿ ರಾನ್‌ನ ಸಂದೇಶವನ್ನು ಅಡಗಿಸುತ್ತದೆ. ಸಾಗಣೆ ಕುಂಠಿತವಾಗುತ್ತದೆ, ಹುಳುವಿನ ಸಣ್ಣ ಆರ್‌ಎನ್‌ಎಗಳು ಕಡಿಮೆಯಾಗುತ್ತವೆ, ವೈರಸ್ಸು ಹೆಚ್ಚುತ್ತದೆ. ಹುಳುವಿನ ಆಯುಧದ ಮಾದರಿಯನ್ನೇ ಹುಳುವಿನ ಮೇಲೆ ಪ್ರಯೋಗಿಸಿದ ಹಾಗಾಯಿತು.

ನಾಗರಾಜು 2012ರ ಕೊನೆಯಲ್ಲಿ ತೀರಿಕೊಂಡರು. ಅವರ ಜೊತೆಗಾರರ ಸಂಶೋಧನೆ 2013ರಲ್ಲಿ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂತು. ವೈರಸ್ಸಿಗೆ ಅನಿವಾರ್ಯವಾದ ಹಲವು ಜೀನುಗಳ ಅಕ್ಷರಗಳನ್ನು ಒಟ್ಟಿಗೆ ಹೆಣೆದು, ಉದ್ದನೆಯ ಎರಡೆಳೆ ಆರ್‌ಎನ್‌ಎಯನ್ನು ರೇಷ್ಮೆ ಹುಳು ತಾನೇ ತಯಾರಿಸಿಕೊಳ್ಳುವಂತೆ ಮಾಡಿದರು. ವೈರಸ್ಸು ಬರುವ ಮೊದಲೇ ಹುಳುವಿನಲ್ಲಿ ಅದಕ್ಕೆ ತಕ್ಕ ತುಣುಕುಗಳು ಸಿದ್ಧವಿರುತ್ತವೆ. ಆ ಹುಳುಗಳು ಸೋಂಕನ್ನು ಚೆನ್ನಾಗಿ ತಾಳಿಕೊಂಡವು. ಇಷ್ಟಾದರೂ ಆ ತಳಿ ನಮ್ಮ ರೈತರ ಹುಳುಮನೆಗೆ ಬಂದಿಲ್ಲ. ಕುಲಾಂತರಿ ಎಂದಾಕ್ಷಣ ಬಾಗಿಲು ಹಾಕುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಪರೀಕ್ಷೆ ಕಟ್ಟುನಿಟ್ಟಾಗಿರಲಿ, ಫಲಿತಾಂಶ ರೈತರ ಮುಂದೆ ಕನ್ನಡದಲ್ಲೇ ಇಡಲಿ. ಅಲ್ಲಿಯತನಕ ಬ್ಲೀಚಿಂಗ್ ಪುಡಿ, ಸುಣ್ಣ, ರೋಗದ ಹುಳುವನ್ನು ಆಗಿಂದಾಗ ಆರಿಸಿ ಹಾಕುವುದು, ಇಷ್ಟೇ ಕೈಯಲ್ಲಿರುವುದು.

ಕುರಿಗೂ ಇಂಥ ಆರ್‌ಎನ್‌ಎ ತುಣುಕುಗಳ ಸೂಜಿಮದ್ದು ಮಾಡಬಾರದೇ ಎಂದು ಕೇಳುವವರಿದ್ದಾರೆ. ಸಣ್ಣ ಆರ್‌ಎನ್‌ಎಯ ಮೊದಲ ಔಷಧಕ್ಕೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು, ಮನುಷ್ಯರ ಒಂದು ಅಪರೂಪದ ಕಾಯಿಲೆಗೆ. ಅದು ಕೆಲಸ ಮಾಡುವುದು ಯಕೃತ್ತಿನಲ್ಲಿ, ಏಕೆಂದರೆ ಅಲ್ಲಿಗೆ ಮದ್ದು ತಲುಪಿಸುವುದು ಸುಲಭ. ಮೈತುಂಬ ಹರಡಿದ ರಕ್ತನಾಳದ ಒಳಗೋಡೆಗೆ ತಲುಪಿಸುವುದು ಬೇರೆ ಮಾತು, ಬೆಲೆಯೂ ಕುರಿ ಸಾಕುವವರ ಕೈಗೆ ಎಟುಕುವುದಲ್ಲ. ಅದಿರಲಿ, ಸಂತೆಯಲ್ಲಿ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ ಪೊಟ್ಟಣಗಳನ್ನು ನೀಲಿ ನಾಲಿಗೆಗೆಂದು ಮಾರುವುದನ್ನು ಕಂಡಾಗ ಸಂಕಟವಾಗುತ್ತದೆ. ಕಾವಲು ಇಲ್ಲವೆಂದಲ್ಲ, ಕಾವಲಿಗೆ ಕಾಣದಂತೆ ವೈರಸ್ಸು ಇದೆ. ಪುಡಿ ತಿನ್ನಿಸಿದರೆ ಚಿಪ್ಪು ತೆರೆದುಕೊಳ್ಳುವುದಿಲ್ಲ.

ಲಸಿಕೆ ನಿಲ್ಲುವುದು ಇದೇ ತರ್ಕದ ಮೇಲೆ. ವೈರಸ್ಸು ಬಯಲಲ್ಲಿರುವುದು ಜೀವಕೋಶದ ಒಳಗೆ ಹೋಗುವ ಮುನ್ನ ಮಾತ್ರ. ಆಗ ಅದರ ಹೊರಹೊದಿಕೆ ಇನ್ನೂ ಮೈಮೇಲಿರುತ್ತದೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ಆ ಹೊದಿಕೆಯ ವಿಪಿ2 ಎಂಬ ಪ್ರೋಟೀನನ್ನು ಹಿಡಿದು, ವೈರಸ್ಸು ಜೀವಕೋಶಕ್ಕೆ ಅಂಟದಂತೆ ಮಾಡುತ್ತವೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಮೇಲೆ ಅವುಗಳಿಗೂ ದಾರಿಯಿಲ್ಲ. ತೊಡಕೆಂದರೆ ವಿಪಿ2 ಬಗೆಬಗೆಯದು. ನೀಲಿ ನಾಲಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳಿವೆ, ಒಂದರ ಪ್ರತಿಕಾಯ ಇನ್ನೊಂದಕ್ಕೆ ಸರಿಯಾಗಿ ಒದಗುವುದಿಲ್ಲ. 2015ರಲ್ಲಿ ಬಿಡುಗಡೆಯಾದ ನಮ್ಮ ದೇಶದ ಲಸಿಕೆಯಲ್ಲಿ 1, 2, 10, 16 ಮತ್ತು 23ನೇ ಬಗೆ, ಹೀಗೆ ಐದು ಸೇರಿರುವುದು ಅದಕ್ಕೇ. ಕುರಿ ಸತ್ತರೆ ಹೂತು ಸುಮ್ಮನಾಗದೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಎಂದು ಒತ್ತಾಯಿಸುವುದೂ ಅದಕ್ಕೇ: ಯಾವ ಬಗೆ ಓಡಾಡುತ್ತಿದೆ ಎಂದು ತಿಳಿದರೆ ತಾನೇ ಲಸಿಕೆಯನ್ನು ಅದಕ್ಕೆ ಹೊಂದಿಸುವುದು. ಪ್ರತಿಕಾಯ ಮೂಡಲು ವಾರಗಳು ಬೇಕು. ಮೂತಿ ಊದಿದ ಮೇಲೆ ಹಾಕಿಸಿದರೆ ಆ ಕುರಿಗೆ ಪ್ರಯೋಜನವಿಲ್ಲ. ಬೇಸಿಗೆ ಮುಗಿಯುವ ಮೊದಲು, ನುಸಿ ಏಳುವುದಕ್ಕೆ ಮುಂಚೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಇಡೀ ಊರಿನ ಕುರಿಗಳಿಗೆ ಒಟ್ಟಿಗೆ ಹಾಕಿಸಿಕೊಳ್ಳಿ. ಅದೇ ಹೊತ್ತಿಗೆ ಕೊಟ್ಟಿಗೆಯ ಹಿಂದೆ ಗಂಜಲ ನಿಲ್ಲುವ ಗುಂಡಿಗೆ ಮಣ್ಣು ಮುಚ್ಚಿಸಿ, ಮುಸ್ಸಂಜೆಗೆ ಕುರಿಗಳನ್ನು ಒಳಗೆ ಕಟ್ಟಿ.